ಗೇಟ್‌ವೇಯಲ್ಲಿ ಮುಳುಗಿದ ಸೂರ್ಯ

ಸೂಟ್‌ಕೇಸಿನ ತಳದವರೆಗೂ ಕೈಯಾಡಿಸಿದ ಬೀಟ್ರಿಸ್ ನೆಲದ ಮೇಲೆ ಕೂತುಬಿಟ್ಟರು. ಡಬ್ಬಿ ಇತ್ತು. ಅತ್ತೆ ಕೊಟ್ಟಿದ್ದ ಚಿನ್ನದ ಸರ ಇರಲಿಲ್ಲ.

ಮನೆಯವರೊಂದಿಗೆ ಮುಂಬೈ ಪ್ರವಾಸ ಮುಗಿಸಿ ಗಲ್ಫಿನ ಅಲ್ ಅಮೇರಾತಿನ ತಮ್ಮ ಮನೆಗೆ ಆಗಷ್ಟೇ ಬಂದಿದ್ದರು. ಕೊನೆಯ ದಿನ ಮಧ್ಯಾಹ್ನ ಸರವನ್ನು ಡಬ್ಬಿಯಲ್ಲಿಟ್ಟದ್ದು ಚೆನ್ನಾಗಿ ನೆನಪಿತ್ತು. ರಾತ್ರಿ ಸೂಟ್‌ಕೇಸಿಗೆ ಬೀಗ ಹಾಕಿ ವಿಮಾನ ಹತ್ತಿದ್ದರು. ಅಂದರೆ ಕಳವಾದದ್ದು ಆ ಸಂಜೆ, ಹೋಟೆಲ್ ರೂಮಿನಲ್ಲಿ.

ರೂಮಿನಲ್ಲಿ ಜೊತೆಗಿದ್ದವಳು ನಝೀರಾ. ಬೀಟ್ರಿಸ್ ಕೆಲಸ ಮಾಡುವ ಕ್ಲಿನಿಕ್ಕಿನಲ್ಲೇ ನರ್ಸ್. ಆ ಸಂಜೆ ತಲೆನೋವೆಂದು ಅವಳೊಬ್ಬಳೇ ಹೋಟೆಲಿನಲ್ಲಿ ಉಳಿದಿದ್ದಳು. ಬೆಳಿಗ್ಗೆಯೇ ಕ್ಲಿನಿಕ್ಕಿನ ಮ್ಯಾನೇಜರಿಗೆ ಹೇಳುತ್ತೇನೆಂದು ಬೀಟ್ರಿಸ್ ಪಟ್ಟು ಹಿಡಿದರು. ಹೇಳಿದರೆ ನಝೀರಾಳ ಕೆಲಸ, ವೀಸಾ ಎರಡೂ ಖಲಾಸ್.

* * *

ಸುದ್ದಿ ತಿಳಿದ ಕೂಡಲೇ ಹತ್ತಿರದ ಬಂದರು ಪೇಟೆ ಮತ್ರಾದಿಂದ ಹೇಝಲ್ ಬಂದಳು. ಬೀಟ್ರಿಸರ ಅಣ್ಣನ ಮಗಳು. ಮೊದಲು ಮಂಗಳೂರಿನಲ್ಲಿ ಕ್ರೈಮ್ ವರದಿಗಾರ್ತಿ, ಈಗ ಆಫೀಸ್ ಕೆಲಸ. ಮೂಗು ತೂರಿಸುವ ಚಟ ಮಾತ್ರ ಬಿಟ್ಟಿರಲಿಲ್ಲ.

ರೂಮಿಗೆ ಎರಡು ಕೀ. ಒಂದು ನಝೀರಾಳ ಬಳಿ. ಬೀಟ್ರಿಸರಿಗೆ ಮರೆವು ಹೆಚ್ಚು, ಇನ್ನೊಂದನ್ನು ನಾದಿನಿಯ ಮಗ ಮ್ಯಾಕ್ಸ್‌ವೆಲ್‌ನ ಕೈಗೆ ಕೊಟ್ಟಿದ್ದರು. ನಝೀರಾ ಚಹಾಕ್ಕೆಂದು ಸ್ವಲ್ಪ ಹೊತ್ತು ಕೆಳಗೆ ಹೋಗಿದ್ದಳಂತೆ. ಆಗ ಮ್ಯಾಕ್ಸ್‌ವೆಲ್ ಎಲ್ಲಿದ್ದ? ಉಳಿದವರು ಮರೀನ್ ಡ್ರೈವಿನಲ್ಲಿದ್ದರೆ, ಇವನು ಒಬ್ಬನೇ ಗೇಟ್‌ವೇ ಆಫ್ ಇಂಡಿಯಾ ನೋಡಲು ಹೋಗಿದ್ದನಂತೆ. ಮೊದಲ ದಿನ ಎಲ್ಲರೂ ನಸುಕಿಗೇ ಅಲ್ಲಿಗೆ ಹೋದಾಗ ಇವನು ಗೊರಕೆ ಹೊಡೆಯುತ್ತಿದ್ದ. ಹಾಗಾಗಿ ಮಾತನ್ನು ಎಲ್ಲರೂ ನಂಬಿದ್ದರು.

* * *

ಹೇಝಲ್ ಎಲ್ಲರನ್ನೂ, ನಝೀರಾಳನ್ನೂ ಕರೆಸಿ ಪ್ರವಾಸದ ಫೋಟೋಗಳನ್ನು ಟಿವಿಗೆ ಹಾಕಿಸಿದಳು. ನೀರಿನ ನಡುವೆ ಬೆಳ್ಳಗೆ ನಿಂತ ಹಾಜಿ ಅಲಿ ದರ್ಗಾ. ಅರಮನೆಯನ್ನೂ ನಾಚಿಸುವ ರೈಲು ನಿಲ್ದಾಣ. ಮರೀನ್ ಡ್ರೈವಿನ ಉದ್ದಕ್ಕೂ ಹೊತ್ತಿಕೊಂಡ ದೀಪಗಳು. ಎಂಥ ಊರು! ಬಂದ ಕೆಲಸವನ್ನೇ ಮರೆತು ಅವಳು ಕಣ್ತುಂಬ ನೋಡಿದಳು.

ಆಮೇಲೆ ಗೇಟ್‌ವೇ ಹೇಗಿತ್ತೆಂದು ಮ್ಯಾಕ್ಸ್‌ವೆಲ್‌ನನ್ನು ಕೇಳಿದಳು.

"ಎಂತ ಹೇಳುವುದು ಮಾರಾಯ್ತಿ. ಕಟ್ಟೆಯಲ್ಲಿ ಕೂತು ನೋಡಿದೆ. ಸೂರ್ಯ ಸೀದಾ ಸಮುದ್ರಕ್ಕೆ ಇಳಿದ. ಚಾರ್ಜ್ ಖಾಲಿ, ಇಲ್ಲದಿದ್ರೆ ಫೋಟೋ ತೆಗೀತಿದ್ದೆ."

ಹೇಝಲ್ ಮೊದಲ ದಿನದ ಚಿತ್ರವೊಂದನ್ನು ತೆರೆದಳು. ಗೇಟ್‌ವೇಯ ಮಹಾ ಕಮಾನು, ಆಚೆ ದೋಣಿಗಳು, ದೋಣಿಗಳ ಹಿಂದೆ ಸಮುದ್ರದಿಂದ ಏಳುತ್ತಿರುವ ಸೂರ್ಯ.

"ಇದು ಬೆಳಿಗ್ಗೆ ತೆಗೆದದ್ದು," ಎಂದಳು. "ನಾವು ಪಣಂಬೂರು, ಮಲ್ಪೆ ನೋಡಿ ಬೆಳೆದವರು. ಸೂರ್ಯ ಮುಳುಗುವುದು ಸಮುದ್ರದಲ್ಲೇ ಅಂತ ನಮ್ಮ ಲೆಕ್ಕ. ಆದ್ರೆ ಗೇಟ್‌ವೇಯ ಸಮುದ್ರ ಮೂಡಣಕ್ಕುಂಟು, ನಮ್ಮ ಮತ್ರಾದ ಹಾಗೆ. ಸಂಜೆ ಸೂರ್ಯ ಇಳಿಯುವುದು ಊರಿನ ಹಿಂದೆ. ನೀನು ಅಲ್ಲಿಗೆ ಹೋಗಲೇ ಇಲ್ಲ ಮ್ಯಾಕ್ಸಿ. ಕೀ ನಿನ್ನ ಹತ್ರ ಇತ್ತು. ನಝೀರಾ ಕೆಳಗಿಳಿಯುವುದನ್ನೇ ಕಾದೆ."

ಅವನು ತಲೆ ತಗ್ಗಿಸಿದ. ಜೇಬಿನಿಂದ ಸರ ತೆಗೆದು ಮೇಜಿನ ಮೇಲಿಟ್ಟ.

"ಅಜ್ಜಿಯ ಸರ ಅದು. ನಮ್ಮ ಮಮ್ಮಿಗೆ ಸಿಗಬೇಕಿತ್ತು."

ಬೀಟ್ರಿಸ್ ಸರವನ್ನು ಮುಟ್ಟಲಿಲ್ಲ. ಮೂಲೆಯಲ್ಲಿ ನಿಂತಿದ್ದ ನಝೀರಾಳ ಕೈ ಹಿಡಿದುಕೊಂಡು, ತಪ್ಪಾಯಿತೆಂದು ಅತ್ತರು.

ನಝೀರಾ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಆ ರೂಮಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿ ಮಲಗಿಸಿದ್ದು ನೀವೇ ಅಲ್ವಾ ಆಂಟಿ? ಮ್ಯಾನೇಜರಿಗೆ ಹೇಳ್ತೇನೆ ಅನ್ನುವ ಮೊದಲು ನನ್ನನ್ನೊಮ್ಮೆ ಕೇಳಬಹುದಿತ್ತು."