ಎದುರಿಗೆ ಕೂತವರಿಗೆ ಕೇಳುವುದು

ಅವನು ನಕ್ಕಿದ್ದು ನನ್ನ ಕಿರುಬೆರಳನ್ನು ನೋಡಿ. ಅದು ನನಗೆ ಗೊತ್ತಾಗಿದ್ದು ಆಮೇಲೆ. ಆ ಕ್ಷಣಕ್ಕೆ ಮಾತ್ರ, ನಾನು ನುಡಿಸುವುದನ್ನು ಕೇಳಿ ನಗುತ್ತಿದ್ದಾನೆ ಅಂದುಕೊಂಡು ಮೈಯೆಲ್ಲ ಉರಿದುಹೋಯಿತು.

ಗಿಟಾರ್ ಅಂಗಡಿಯ ಒಳಕೋಣೆ ಅದು. ಗೋಡೆಯ ತುಂಬ ಗಿಟಾರ್‌ಗಳು, ಕಿಟಕಿಯಿಂದ ಒಳಬಂದ ಮಧ್ಯಾಹ್ನದ ಬಿಸಿಲು, ಆ ಬಿಸಿಲಲ್ಲಿ ತೇಲಾಡುವ ಮರದ ಪುಡಿ. ಸ್ಟೂಲಿನ ಮೇಲೆ ನಾನು, ನನ್ನ ತೊಡೆಯ ಮೇಲೆ ಆ ಅಂಗಡಿಯಲ್ಲೇ ಅತಿ ಜೋರಾದ, ದೊಡ್ಡ ಹೊಟ್ಟೆಯ, ಕರೆಂಟಿಲ್ಲದೆ ನುಡಿಯುವ ಅಕೌಸ್ಟಿಕ್ ಗಿಟಾರ್. ಅದರ ಮೇಲೆ ಬಲತೋಳು ಹಾಕಿದರೆ ಭುಜ ಕಿವಿಯ ಹತ್ತಿರಕ್ಕೆ ಬರುತ್ತಿತ್ತು. ಕೆಲಸದ ಮೇಜಿನ ಹಿಂದೆ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದವನು ಅಂಗಡಿಯ ರಿಪೇರಿಯವನು.

"ಯಾಕ್ರೀ ನಗ್ತೀರ?" ಅಂದೆ.

ಅವನು ಬಾಯಿಂದ ಪೆನ್ಸಿಲ್ ತೆಗೆದ. "ನೀವು ಎಲೆಕ್ಟ್ರಿಕ್ ನುಡಿಸೋರು, ಅಲ್ವಾ?"

"ಹೌದು. ಅದರಲ್ಲಿ ನಗೋ ಅಂಥದ್ದೇನಿದೆ?"

"ನಿಮ್ಮ ಕಿರುಬೆರಳು ವಾಲ್ಯೂಮ್ ಗುಂಡಿ ಹುಡುಕ್ತಾ ಇದೆ."

ಬಗ್ಗಿ ನೋಡಿಕೊಂಡೆ. ನಿಜ. ಬಲಗೈಯ ಕಿರುಬೆರಳು ಬಾಗಿಕೊಂಡು, ಬರೀ ಮರದ ಮೇಲೆ, ಇಲ್ಲದ ಗುಂಡಿಯನ್ನು ತಿರುಗಿಸುತ್ತಿತ್ತು. ವರ್ಷಗಳ ಅಭ್ಯಾಸ, ಏನು ಮಾಡುವುದು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಗುಂಡಿ ಅಲ್ಲೇ ಬೆರಳಿನಡಿ ಇರುತ್ತದೆ. ಒಂಚೂರು ತಿರುಗಿಸಿದರೆ ದನಿ ಹಿಗ್ಗಿಸುವ ಆಂಪ್ ಪೆಟ್ಟಿಗೆಯಿಂದ ಬೀದಿಗೆಲ್ಲ ಕೇಳುತ್ತದೆ, ಹಿಂದಕ್ಕೆ ತಿರುಗಿಸಿದರೆ ಪಿಸುಮಾತಾಗುತ್ತದೆ. ನನಗೆ ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಕೋಪ ಬರುತ್ತದೆ. ಮನೆಯಲ್ಲಿ ಅಕ್ಕ ನನ್ನನ್ನು 'ಕರೆಂಟು' ಅಂತ ಕರೆಯುವುದು ಬರೀ ಗಿಟಾರಿನ ದೆಸೆಯಿಂದಲ್ಲ.

"ಇದನ್ನೇ ತಗೋತೀನಿ," ಅಂದೆ, ಹಟಕ್ಕೆ. "ಇದಕ್ಕಿಂತ ಜೋರು ಇನ್ಯಾವುದೂ ಇಲ್ಲ ತಾನೆ?"

"ಜೋರೇನೋ ಜೋರೇ. ಆದ್ರೆ ಅದು ನಿಮ್ಮದಲ್ಲ."

"ನನ್ನದು ಯಾವುದು ಅಂತ ನಿಮಗೆ ಹೇಗೆ ಗೊತ್ತು? ನಾನು ಬಂದು ಇನ್ನೂ ಕಾಲು ಗಂಟೆ ಆಗಿಲ್ಲ."

ಅವನು ಎದ್ದು, ಗೋಡೆಯ ಮೂಲೆಯಿಂದ ಒಂದು ಚಿಕ್ಕ ಗಿಟಾರ್ ಇಳಿಸಿದ. ಸಣ್ಣ ಸೊಂಟ, ತೆಳ್ಳಗಿನ ಮೈ, ಜೇನಿನ ಬಣ್ಣ. ತಂತಿಗಳನ್ನು ಒಂದೊಂದಾಗಿ ಮೀಟಿ, ಕಿವಿಗೊಟ್ಟು, ಶ್ರುತಿ ಮಾಡಿ ನನ್ನ ಕೈಗಿಟ್ಟ. ನುಡಿಸಿದೆ. ಎದೆಗೆ ಏನೂ ತಾಕಲಿಲ್ಲ. ದೊಡ್ಡದು ಎದೆಯೊಳಗೇ ಗುಂಯ್‌ಗುಡುತ್ತಿತ್ತು, ಇದು ಎಲ್ಲೋ ಪಕ್ಕದ ಮನೆಯಲ್ಲಿ ಯಾರೋ ನುಡಿಸಿದ ಹಾಗಿತ್ತು.

"ಇದಕ್ಕೆ ಜೀವಾನೇ ಇಲ್ಲ."

"ಇದೇ ನಿಮ್ಮದು."

ಮುಖ ಊದಿಸಿಕೊಂಡು ಎದ್ದುಬಂದೆ. ಗಲ್ಲಾದ ಹತ್ತಿರ ನಿಟ್ಟಿಂಗ್ ಮಾಡುತ್ತಿದ್ದ ಅಂಗಡಿಯ ಒಡತಿ, ಅವನ ಚಿಕ್ಕಮ್ಮ, ಕನ್ನಡಕದ ಮೇಲಿಂದ ನೋಡಿ, "ನಾಳೆ ಬಾಮ್ಮ," ಅಂದರು. ಬರುವುದಿಲ್ಲ ಅಂದುಕೊಂಡೆ. ಮಾರನೇ ದಿನ ಹೋದೆ.

ಹೋಗದೆ ಇರುವ ಹಾಗೂ ಇರಲಿಲ್ಲ. ನಮ್ಮ ಬ್ಯಾಂಡು ಒಡೆದುಹೋಗಿತ್ತು. ಕೊನೆಯ ಜಗಳದಲ್ಲಿ ನಮ್ಮ ಹಾಡುಗಾರ, "ಆಂಪ್ ಆರಿಸಿದರೆ ನಿನ್ನಲ್ಲಿ ಏನಿದೆ?" ಅಂದುಬಿಟ್ಟಿದ್ದ. ನಾನು ವಾಪಸ್ಸು ಏನೇನೋ ಅಂದೆ. ಆದರೆ ಆ ಮಾತು ಒಳಗೆ ಕೂತುಬಿಟ್ಟಿತು. ಅಕ್ಕ ಕೆಲಸ ಮಾಡುವ ಲೈಬ್ರರಿಯಲ್ಲಿ ಒಂದು ಪುಟ್ಟ ಹಾಲ್ ಇದೆ. ಅಲ್ಲಿ ಆಗಾಗ ಸಂಜೆ ಯಾರಾದರೂ ಹಾಡುತ್ತಾರೆ, ಓದುತ್ತಾರೆ. ಮೈಕ್ ಇಲ್ಲ. "ಬರುವ ಭಾನುವಾರ ನೀನು ನುಡಿಸ್ತೀಯಾ?" ಅಂತ ಅಕ್ಕ ಕೇಳಿದಾಗ ಹಿಂದುಮುಂದು ನೋಡದೆ ಹೂಂ ಅಂದಿದ್ದೆ. ಆಂಪ್ ಇಲ್ಲದೆ ನನ್ನ ಕೈಯಲ್ಲಿ ನಿಜವಾಗಿ ಏನಾದರೂ ಇದೆಯಾ, ಇಲ್ಲವಾ? ಅದು ಆವತ್ತು ಗೊತ್ತಾಗಿಬಿಡುತ್ತದೆ. ಅದಕ್ಕೇ ನನಗೆ ಜೋರು ಬೇಕಿತ್ತು.

ಮಾರನೇ ದಿನ ಅವನು ಕತ್ತಿನ ಪಕ್ಕ ಕಚ್ಚು ಇರುವ ತೆಳು ಗಿಟಾರ್ ಕೊಟ್ಟ. "ಇದು ಕೈಗೆ ನಿಮ್ಮ ಎಲೆಕ್ಟ್ರಿಕ್ ಥರಾನೇ ಇರುತ್ತೆ." ಇತ್ತು. ಬೆರಳುಗಳು ಕತ್ತಿನ ಮೇಲಿನ ಫ್ರೆಟ್ ಪಟ್ಟಿಗಳವರೆಗೆ ಸಲೀಸಾಗಿ ಓಡಿದವು. ದನಿ ಮಾತ್ರ ನೆಗಡಿಯಾದವರ ದನಿ. ಅದರ ಮರುದಿನ ಗುಂಡಗೆ ದೊಡ್ಡ ಸೊಂಟದ ಜಂಬೋ. ಅದನ್ನು ತಬ್ಬಿಕೊಂಡು ಕೂತಾಗ ಆಚೆಯಿಂದ ನನ್ನ ತಲೆ ಮಾತ್ರ ಕಾಣುತ್ತಿತ್ತಂತೆ.

"ಇದ್ದೀರಾ ಅಲ್ಲಿ?" ಅಂತ ಅವನು ಇಣುಕಿ ಕೇಳಿದ.

ನಗು ಬಂತು. ತಡೆದುಕೊಂಡೆ. ತಡೆದುಕೊಂಡಿದ್ದು ಅವನಿಗೆ ಗೊತ್ತಾಯಿತು.

ಪ್ರತಿ ಸಲವೂ ಕೊನೆಗೆ ಅದೇ ಜೇನುಬಣ್ಣದ ಚಿಕ್ಕದು ಬರುತ್ತಿತ್ತು. "ಇನ್ನೊಂದು ಸಲ." "ಬೇಡ ಅಂದ್ನಲ್ಲ." "ಒಂದೇ ಸಲ." ನಾನು ಯಾವ ಗಿಟಾರ್ ಕೊಟ್ಟರೂ ನುಡಿಸುತ್ತಿದ್ದುದು ಒಂದೇ ಟ್ಯೂನ್, ನನ್ನದೇ, ಇನ್ನೂ ಹೆಸರಿಡದ್ದು. ಅದರ ನಡುವೆ ಒಂದು ಕಡೆ ಮುಂದೆ ಹೇಗೆ ಹೋಗಬೇಕೆಂದು ತಿಳಿಯದೆ ನಾನು ಅರೆಗಳಿಗೆ ತಡೆಯುತ್ತಿದ್ದೆ. ಅವನು ಮೇಜಿನ ಆಚೆ ಕೂತು ಉಪ್ಪುಕಾಗದ ಉಜ್ಜುತ್ತಲೇ ಕೇಳುತ್ತಿದ್ದ. ನಾನು ತಡೆದ ಜಾಗದಲ್ಲಿ ಅವನ ಕೈಯೂ ತಡೆಯುತ್ತಿತ್ತು.

ಅವನು ನೋಡುತ್ತಿದ್ದುದು ನನ್ನ ಬೆರಳುಗಳನ್ನು. ಮುಖ ನೋಡುತ್ತಿರಲಿಲ್ಲ. ಒಂದು ದಿನ ನೋಡಿದ. ನಾನು ಟ್ಯೂನ್ ಮುಗಿಸಿ ತಲೆಯೆತ್ತಿದರೆ, ಅವನ ಕಣ್ಣು ಬೆರಳಿನಿಂದ ಮೆಲ್ಲಗೆ ತೋಳಿಗೆ, ತೋಳಿನಿಂದ ಕೊರಳಿಗೆ ಹತ್ತಿ ಬಂದು ನನ್ನ ಕಣ್ಣಿನ ಹತ್ತಿರ ನಿಂತಿತ್ತು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ನೆಲಕ್ಕೆ ಬಿತ್ತು. ಇಬ್ಬರೂ ಒಟ್ಟಿಗೆ ಬಗ್ಗಿದೆವು. ಪೆನ್ಸಿಲ್ ಅವನಿಗೇ ಸಿಕ್ಕಿತು, ಬಿಡಿ. ನನಗೆ ಸಿಕ್ಕಿದ್ದು ಅವನ ಅಂಗಿಯ ಮರದ ವಾಸನೆ. ಅದನ್ನು ಮನೆಯವರೆಗೂ ಹೊತ್ತು ತಂದೆ.

"ಗಿಟಾರ್ ಸಿಕ್ತಾ?" ಅಂತ ಅಕ್ಕ ಕೇಳಿದಳು.

"ಇನ್ನೂ ನೋಡ್ತಾ ಇದೀನಿ."

"ಏನನ್ನ?"

ಸೀದಾ ಒಳಗೆ ಹೋದೆ.

ಒಂದು ವಿಷಯ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಅವನು ಶ್ರುತಿ ಮಾಡುತ್ತಿದ್ದ, ತಂತಿ ಬದಲಿಸುತ್ತಿದ್ದ, ಬಿರುಕು ಅಂಟಿಸುತ್ತಿದ್ದ. ನುಡಿಸುತ್ತಿರಲಿಲ್ಲ. ಚಿಕ್ಕಮ್ಮನನ್ನೇ ಕೇಳಿದೆ.

"ಚಿಕ್ಕವನಿದ್ದಾಗ ಸ್ಟೇಜ್ ಮೇಲೆ ಹತ್ತಿ ಕೂತ. ಕೈ ಮರಗಟ್ಟಿಹೋಯ್ತು. ಒಂದು ಸ್ವರ ಹೊರಡಲಿಲ್ಲ. ಜನ ನಕ್ಕರು." ಅವರು ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ಅಲ್ಲಿಂದೀಚೆಗೆ ಯಾರ ಮುಂದೆಯೂ ನುಡಿಸಿಲ್ಲ. ಬಾಗಿಲು ಹಾಕ್ಕೊಂಡು ನುಡಿಸ್ತಾನೆ, ನಾನು ಆಚೆಯಿಂದ ಕೇಳ್ತೀನಿ. ಕೇಳ್ತೀನಿ ಅಂತ ಅವನಿಗೆ ಗೊತ್ತಿಲ್ಲ. ನೀನೂ ಹೇಳಬೇಡ." ಒಂದು ಸಾಲು ಹೆಣೆದು ಸೇರಿಸಿದರು: "ಈಚೆಗೆ ಒಂದೇ ಟ್ಯೂನ್ ನುಡಿಸ್ತಾ ಇರ್ತಾನೆ, ನಂಗೂ ಬಾಯಿಪಾಠ ಆಗಿದೆ. ನಡುವೆ ಒಂದು ಕಡೆ ನಿಂತ್ಕೋತಾನೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಅವರ ಅಭ್ಯಾಸ ಅಂದುಕೊಂಡು ಒಳಗೆ ಹೋದೆ. ದಡ್ಡಿ ನಾನು, ಆಗಲೂ ಹೊಳೆಯಲಿಲ್ಲ.

ಶನಿವಾರ ಬಂತು. ಇನ್ನು ತಡ ಮಾಡುವ ಹಾಗಿರಲಿಲ್ಲ. ಒಳಕೋಣೆಗೆ ಹೋಗಿ, "ಮೊದಲನೇ ದಿನದ ದೊಡ್ಡದನ್ನೇ ಕೊಡಿ," ಅಂದೆ. "ನಾಳೆ ನುಡಿಸಬೇಕು."

ಅವನ ಮುಖ ಸಪ್ಪಗಾಯಿತು. ವಾದ ಮಾಡುತ್ತಾನೆ ಅಂತ ಕಾದೆ. ಮಾಡಲಿಲ್ಲ. ದೊಡ್ಡದನ್ನು ಇಳಿಸಿ, ಒರೆಸಿ, ಪೆಟ್ಟಿಗೆಯಲ್ಲಿ ಮಲಗಿಸಿದ. ಮುಚ್ಚಳ ಹಾಕಬೇಕಾದವನು ಕೈ ತಡೆದು ನಿಂತ.

"ಒಂದು ಮಾತು. ಕೇಳಿದ ಮೇಲೂ ಇದೇ ಬೇಕು ಅಂದ್ರೆ ಕೊಟ್ಟುಬಿಡ್ತೀನಿ."

"ಹೇಳಿ."

"ನಿಮ್ಮ ಕೈ ಹಗುರ. ಇಷ್ಟು ವರ್ಷ ನಿಮ್ಮ ಪರವಾಗಿ ಆಂಪ್ ಕೂಗಿದೆ, ನೀವು ಬರೀ ಮುಟ್ಟಿದ್ದೀರ. ಇಷ್ಟು ದೊಡ್ಡ ಹಲಗೆ ಅದುರಿ ನುಡಿಯಬೇಕಾದ್ರೆ ತಂತಿನ ಗುದ್ದಬೇಕು. ಚಿಕ್ಕದಕ್ಕೆ ಮುಟ್ಟಿದ್ರೆ ಸಾಕು."

"ಮತ್ತೆ ನನಗ್ಯಾಕೆ ಅದು ಕೇಳಲ್ಲ?"

"ನೀವು ಅದರ ಹಿಂದೆ ಕೂತಿರ್ತೀರಲ್ಲ. ಸ್ಟೇಜಿನಲ್ಲಿ ಆಂಪ್ ಎದುರು ನಿಂತ್ರೆ ಜನಕ್ಕೆ ಕೇಳಿದ್ದೇ ನಿಮಗೂ ಕೇಳುತ್ತೆ. ಚಿಕ್ಕದರ ದನಿ ಎದುರಿಗೆ ಹೋಗುತ್ತೆ. ನುಡಿಸೋರ ಪಾಲಿಗೆ ಬರೋದು ಮಿಕ್ಕಿದ್ದು. ಇಷ್ಟು ದಿನ ನೀವು ಹಿಂದೆ ಕೂತು ಆರಿಸಿದ್ರಿ, ನಾನು ಎದುರಿಗೆ ಕೂತು ಆರಿಸಿದೆ. ಅದಕ್ಕೇ ನಮ್ಮಿಬ್ಬರದು ಜಗಳ."

ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಇಂಗು ತಿಂದ ಮಂಗನ ಹಾಗೆ ನಿಂತೆ.

"ಹಾಗಾದ್ರೆ ನಾನು ಎದುರಿಗೆ ಕೂತು ಕೇಳಬೇಕು," ಅಂದೆ ಕೊನೆಗೆ.

"ಹೂಂ."

"ನುಡಿಸೋದು ಯಾರು?"

ಅವನು ಬಾಗಿಲ ಕಡೆ ತಿರುಗಿದ, ನಾನೂ ತಿರುಗಿದೆ. ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. "ನನ್ನ ಮುಖ ನೋಡಬೇಡಿ," ಅಂದರು. "ನನಗೆ ಬಿಲ್ ಹಾಕೋದು ಬಿಟ್ಟು ಏನೂ ಬರಲ್ಲ." ಬಾಗಿಲೆಳೆದುಕೊಂಡು ಹೋದರು.

"ಬೇಡ ಬಿಡಿ," ಅಂದೆ. ನನಗೇ ಪಾಪ ಅನಿಸಿತು. "ನಿಮ್ಮ ಮಾತು ನಂಬ್ತೀನಿ. ಚಿಕ್ಕದೇ ಕೊಡಿ."

"ನಂಬಿದ್ರೆ ಸಾಲದು. ನಾಳೆ ಸ್ಟೇಜ್ ಮೇಲೆ ನಿಮಗೆ ಮತ್ತೆ ಕೇಳಲ್ಲ. ಆಗ ಹೆದರ್ತೀರ." ಅವನು ಸ್ಟೂಲ್ ಎಳೆದು ಕೂತ. "ಆ ಗೋಡೆಗೆ ಒರಗಿ ಕೂತ್ಕೊಳ್ಳಿ. ನಿಮ್ಮ ಕೈ ಥರಾನೇ ನುಡಿಸ್ತೀನಿ. ನನ್ನ ಕಡೆ ನೋಡಬೇಡಿ."

ನೆಲದ ಮೇಲೆ ಕೂತು ಕಣ್ಣು ಮುಚ್ಚಿದೆ. ಮೊದಲು ದೊಡ್ಡದರ ತಂತಿಗಳನ್ನು ಸುಮ್ಮನೆ ಮೀಟಿದ. ಕೆಳಗಿನ ಸ್ವರಗಳು ಉಬ್ಬಿಕೊಂಡು ಬಂದು ಮೇಲಿನವನ್ನು ನುಂಗಿಹಾಕಿದವು. ನನ್ನ ಎದೆಗೆ ಗುಂಯ್‌ಗುಟ್ಟುತ್ತಿದ್ದುದು ಇಲ್ಲಿ ಗೋಡೆಯತನಕ ಬಂದು ಮಬ್ಬಾಗುತ್ತಿತ್ತು. ಅವನು ನಿಲ್ಲಿಸಿದ. ಗಿಟಾರ್ ಬದಲಾದ ಸದ್ದು. ಉಸಿರೆಳೆದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕೈ ಮರಗಟ್ಟಿತೇನೋ ಅಂತ ನನಗೆ ಜೀವ ಬಾಯಿಗೆ ಬಂತು.

ಆಗ ನನ್ನ ಟ್ಯೂನ್ ಶುರುವಾಯಿತು.

ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ತೊಳೆದಿಟ್ಟಷ್ಟು ಸ್ವಚ್ಛವಾಗಿ, ಕೋಣೆ ದಾಟಿ ನನ್ನ ಹತ್ತಿರ ಬಂತು. ಜೋರಿರಲಿಲ್ಲ. ಜೋರು ಬೇಕಾಗಿಯೇ ಇರಲಿಲ್ಲ. ಹೆಸರಿಲ್ಲದ ನನ್ನ ಟ್ಯೂನ್ ಇಷ್ಟು ಚೆನ್ನಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಡುವೆ, ನಾನು ತಡೆಯುವ ಜಾಗದಲ್ಲಿ, ಅವನೂ ತಡೆದ. ಇಷ್ಟು ದಿನ ನಾನು ತಪ್ಪು ಅಂದುಕೊಂಡಿದ್ದು ಎದುರಿಗೆ ಕೂತವರಿಗೆ ಆ ಟ್ಯೂನಿನಲ್ಲೇ ಎಲ್ಲಕ್ಕಿಂತ ಚೆಂದದ ಜಾಗವಾಗಿ ಕೇಳುತ್ತಿತ್ತು. ಆಂಪ್ ಆರಿಸಿದರೆ ನನ್ನಲ್ಲಿ ಏನಿದೆ ಅನ್ನುವುದನ್ನು ಅವನು ಎದುರಿಗೆ ಕೂತು ದಿನವೂ ಕೇಳಿಸಿಕೊಂಡಿದ್ದ.

ಕಣ್ಣು ತೆರೆದಾಗ ಅವನ ಹಣೆಯ ಮೇಲೆ ಬೆವರಿತ್ತು.

"ಇದನ್ನ ಯಾವಾಗ ಕಲಿತ್ರಿ?"

"ನೀವು ಹೋದ ಮೇಲೆ. ದಿನಾ." ಅವನು ತಂತಿಗಳ ಮೇಲೆ ಅಂಗೈ ಇಟ್ಟ. "ನೀವು ಗಿಟಾರ್ ತಗೊಂಡ್ರೆ ಮತ್ತೆ ಬರಲ್ಲವಲ್ಲ. ಟ್ಯೂನಾದ್ರೂ ಇರಲಿ ಅಂತ."

"ಮತ್ತೆ ಮೊದಲನೇ ದಿನಾನೇ ಯಾಕೆ ಸರಿಯಾದ್ದನ್ನ ತೋರಿಸಿದ್ರಿ?"

"ಬೇರೆಯದನ್ನ ನಿಮ್ಮದು ಅಂತ ಹೇಳಿ ಮೋಸ ಮಾಡೋಕೆ ಮನಸ್ಸು ಬರಲಿಲ್ಲ," ಅಂದ. "ಆದ್ರೆ ನೀವು ಬೇಡ ಅಂದಾಗೆಲ್ಲ ಒಳಗೊಳಗೇ ಖುಷಿ ಆಗ್ತಿತ್ತು."

ಎದ್ದು ಹೋಗಿ ಅವನ ಕೈಯಿಂದ ಗಿಟಾರ್ ತೆಗೆದುಕೊಂಡೆ. ಅವನ ಬೆರಳುಗಳು ಇನ್ನೂ ತಣ್ಣಗಿದ್ದವು. ಹಿಡಿದುಕೊಂಡೆ, ಬೆಚ್ಚಗಾಗುವವರೆಗೆ.

"ನಾಳೆ ನೀವು ಕೊನೇ ಸಾಲಲ್ಲಿ ಕೂತ್ಕೋಬೇಕು," ಅಂದೆ.

"ತುಂಬಾ ಜನ ಇರ್ತಾರೆ."

"ನಾನೂ ಇರ್ತೀನಿ."

ಭಾನುವಾರ ಸಂಜೆ ಹಾಲ್ ತುಂಬಿತ್ತು. ಪುಸ್ತಕದ ಕಪಾಟುಗಳ ನಡುವೆ ಕುರ್ಚಿಗಳು, ಮುಂದೆ ತನ್ನ ಮಗುವನ್ನು ಮಡಿಲಲ್ಲಿಟ್ಟುಕೊಂಡ ಅಕ್ಕ, ಪಕ್ಕದಲ್ಲಿ ನಿಟ್ಟಿಂಗ್ ಚೀಲದ ಸಮೇತ ಚಿಕ್ಕಮ್ಮ. ಕೊನೆಯ ಸಾಲಿನಲ್ಲಿ, ಬಾಗಿಲಿನ ಪಕ್ಕ, ಓಡಿಹೋಗಲು ಅನುಕೂಲವಾದ ಕುರ್ಚಿಯಲ್ಲಿ ಅವನು. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ಹಾಗೇ ಇತ್ತು.

ಚಿಕ್ಕ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಸ್ವರಗಳನ್ನು ಮೀಟಿದೆ. ಅವನು ಹೇಳಿದ ಹಾಗೇ ಆಯಿತು. ನನಗೆ ಏನೂ ಕೇಳಲಿಲ್ಲ. ಕಿರುಬೆರಳು ಬಾಗಿ ಮರದ ಮೇಲೆ ಗುಂಡಿ ಹುಡುಕತೊಡಗಿತು. ನಿಲ್ಲಿಸಿದೆ.

"ಹಿಂದಿನವರಿಗೆ ಕೇಳುತ್ತಾ?" ಅಂತ ಕೇಳಿದೆ.

ಕೊನೆಯ ಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಅವನು ಎದ್ದು ನಿಂತಿದ್ದ. ಇಡೀ ಹಾಲ್ ತಿರುಗಿ ಅವನನ್ನು ನೋಡಿತು. ಕಿವಿ ಕೆಂಪಾಗಿ, ಎರಡೂ ಕೈಯಲ್ಲಿ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ಅಷ್ಟು ಜನರ ನಡುವೆ ನನ್ನೊಬ್ಬಳನ್ನೇ ನೋಡುತ್ತ ಅವನು ಬಾಯಿ ಬಿಟ್ಟ.

"ಕೇಳ್ತಿದೆ," ಅಂದ. "ಎಲ್ಲಾ ಕೇಳ್ತಿದೆ. ನೀನು ನುಡಿಸು."

ಅಕ್ಕ ಮೆಲ್ಲಗೆ ಚಿಕ್ಕಮ್ಮನ ಕಡೆ ತಿರುಗಿದಳು. ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು. ಅವನು ಕೂರಲಿಲ್ಲ, ಓಡಿಯೂ ಹೋಗಲಿಲ್ಲ. ಈ ಮನುಷ್ಯನನ್ನು ನಾನು ಪ್ರೀತಿಸುತ್ತೇನೆ ಅಂತ ನನಗೆ ಆಗ, ಅಲ್ಲೇ ಕೂತಲ್ಲೇ, ಯಾವ ಅನುಮಾನವೂ ಇಲ್ಲದೆ ಗೊತ್ತಾಯಿತು.

ಮೊದಲಿನಿಂದ ಶುರು ಮಾಡಿದೆ. ನಡುವೆ ತಡೆಯಬೇಕಾದ ಜಾಗ ಬಂದಾಗ ತಲೆಯೆತ್ತಿ ಅವನನ್ನು ನೋಡಿ, ಬೇಕೆಂದೇ, ಇನ್ನೂ ಸ್ವಲ್ಪ ಹೆಚ್ಚು ಹೊತ್ತು ತಡೆದೆ. ಆಮೇಲೆ ಮುಂದಕ್ಕೆ ಹೋದೆ. ಕಿರುಬೆರಳು ಮರದ ಮೇಲೆ ಸುಮ್ಮನೆ ಒರಗಿತ್ತು.