ಸಿಹಿ ತಿಂದ ಮೇಲೆ ಬಿಚ್ಚುವ ಗಂಟು

ಗಂಟು ಬಿಚ್ಚಿದಾಗ ಒಳಗೆ ಪುಸ್ತಕ ಇರಲಿಲ್ಲ.

ಆಕೆ ನೀಲಿ ಬಟ್ಟೆಯ ನಾಲ್ಕು ಮೂಲೆಗಳನ್ನೂ ಮೇಜಿನ ಮೇಲೆ ಬಿಡಿಸಿ ಹಾಗೇ ನಿಂತರು. ನಡುವೆ ಇದ್ದದ್ದು ಬೂದು ರಟ್ಟಿನ ದಪ್ಪ ಮೆನು. ಅದೇ ರೆಸ್ಟೋರೆಂಟಿನದು. ಆಕೆ ಅದನ್ನು ಎತ್ತಿ ಕೆಳಗೆ ನೋಡಿದರು. ಬಟ್ಟೆ ಕೊಡವಿದರು. ಪುಸ್ತಕವೇನು ಸೂಜಿಯೇ, ಮಡಿಕೆಯಲ್ಲಿ ಅಡಗಲು?

"ಇದಲ್ಲ," ಎಂದರು. ದನಿ ಏರಲಿಲ್ಲ. ಅದಕ್ಕೇ ನಾನು ಚಮಚ ಕೆಳಗಿಟ್ಟೆ.

ನಾನು ಕೂತಿದ್ದು ಪಕ್ಕದ ಟೇಬಲ್ಲಿನಲ್ಲಿ. ಭಾನುವಾರ ಮಧ್ಯಾಹ್ನ ಊರಿನ ಹೊಸ ಹೊಸ ರೆಸ್ಟೋರೆಂಟುಗಳಿಗೆ ಹೋಗಿ ಉಣ್ಣುವುದು ನನ್ನ ಚಟ. ಒಬ್ಬನಿಗೋಸ್ಕರ ಒಲೆ ಹಚ್ಚುವುದಕ್ಕಿಂತ ಇದೇ ವಾಸಿ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಬಾಗಿಲಲ್ಲೇ "ಒಬ್ರೇನಾ ಸಾರ್?" ಎನ್ನುತ್ತಾರೆ. ಹೌದು ಎಂದರೆ ಕಂಬದ ಪಕ್ಕ ಕೂರಿಸುತ್ತಾರೆ. ಹನ್ನೆರಡು ವರ್ಷದಿಂದ ಇನ್ಸ್‌ಪೆಕ್ಟರ್ ಆಗಿದ್ದೇನೆ, ಎಂತೆಂಥ ಕಳ್ಳರನ್ನೋ ಹಿಡಿದಿದ್ದೇನೆ. ಕಂಬದ ಪಕ್ಕದ ಟೇಬಲ್ಲಿನಿಂದ ತಪ್ಪಿಸಿಕೊಳ್ಳುವ ಉಪಾಯ ಮಾತ್ರ ಇನ್ನೂ ಹೊಳೆದಿಲ್ಲ.

ಒಬ್ಬನೇ ಉಣ್ಣುವವನಿಗೆ ಕಿವಿ ಚುರುಕು. ಅಕ್ಕಪಕ್ಕದವರ ಮಾತನ್ನೇ ನಂಚಿಕೊಂಡು ಉಣ್ಣುತ್ತಾನೆ. ಹಾಗಾಗಿ ಆ ನಾಲ್ವರ ವಿಷಯ ನನಗೆ ಆಗಲೇ ಅಷ್ಟಿಷ್ಟು ಗೊತ್ತಿತ್ತು. ಗಂಟು ಬಿಚ್ಚಿದಾಕೆ ಲೈಬ್ರರಿಯಲ್ಲಿ ಕೆಲಸ ಮಾಡುವವರು. ಎದುರಿಗೆ ಕೂತದ್ದು ಆಕೆಯ ಬಾಲ್ಯದ ಗೆಳತಿ, ಹಲ್ಲಿನ ಡಾಕ್ಟರು. ಇನ್ನಿಬ್ಬರು ಗಂಡ ಹೆಂಡತಿ. ಗಂಡ ಆರ್ಕಿಟೆಕ್ಟು, ಹೆಂಡತಿ ಟೀಚರು. ಮೂವರೂ ಲೈಬ್ರರಿ ಮೇಡಂ ಜೊತೆ ಗಾಜಿನ ಲೋಟ ಹಿಡಿದವರ ಹಾಗೆ ಮಾತಾಡುತ್ತಿದ್ದರು. ಎಲ್ಲಿ ಒಡೆದೀತೋ ಎಂಬ ಭಯ.

ಮೆನು ಕೈಗೆ ಬಂದಾಗ ಡಾಕ್ಟರು ವೇಟರನ್ನು ಕೇಳಿದ್ದರು, "ಇಷ್ಟೇನಾ ಮೆನು?" ಅವನು "ಇಷ್ಟೇ ಮೇಡಂ" ಎಂದಿದ್ದ. ಆಮೇಲೆ ಆಕೆ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಹಲ್ಲಿನ ಡಾಕ್ಟರಿಗೇ ಹಲ್ಲುನೋವೇನೋ ಎಂದುಕೊಂಡು ಒಳಗೇ ನಕ್ಕಿದ್ದೆ.

ಈಗ ಆರ್ಕಿಟೆಕ್ಟು ಎದ್ದು ವೇಟರನ ತೋಳು ಹಿಡಿದಿದ್ದರು. "ಇವನೇ. ಬಿಸಿ ತಟ್ಟೆ ಇಡೋವಾಗ ಗಂಟನ್ನ ಎತ್ತಿ ಆ ಕಪಾಟಿನ ಮೇಲೆ ಇಟ್ಟಿದ್ದ. ಆಗಲೇ ಬದಲಾಯಿಸಿದಾನೆ."

ವೇಟರು ದಪ್ಪ ಮೀಸೆಯ ಆಸಾಮಿ. ಮೀಸೆ ಇಳಿದೇ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ನಾನು ಠಾಣೆಯಲ್ಲಿ ದಿನವೂ ನೋಡುತ್ತೇನೆ. ಭಾನುವಾರವೂ ನೋಡಬೇಕೇ? ಎದ್ದು ನಾನು ಯಾರೆಂದು ಹೇಳಿದೆ.

*

ಅದೆಂಥ ಪುಸ್ತಕ ಎಂದು ಲೈಬ್ರರಿ ಮೇಡಂ ಅವರನ್ನು ಕೇಳಿದೆ. ಆಕೆ ನಿಧಾನವಾಗಿ ಹೇಳಿದರು.

ಹನ್ನೊಂದು ವರ್ಷದ ಹಿಂದೆ ಆಕೆಯ ಯಜಮಾನರು ಶುರುಮಾಡಿದ ಕೂಟವಂತೆ. ತಿಂಗಳಿಗೊಂದು ಭಾನುವಾರ, ಐವರೂ ಹೊಸದೊಂದು ರೆಸ್ಟೋರೆಂಟಿಗೆ ಹೋಗಬೇಕು. ಹೋದ ಕಡೆ ಮತ್ತೆ ಹೋಗುವಂತಿಲ್ಲ. ಕೊನೆಗೆ ಒಬ್ಬೊಬ್ಬರೂ ಪುಸ್ತಕದಲ್ಲಿ ಒಂದೊಂದು ಸಾಲು ಬರೆಯಬೇಕು. ಸಿಹಿ ತಿಂದು ಮುಗಿಯುವ ತನಕ ಗಂಟು ಬಿಚ್ಚಬಾರದು. ಹಸಿದವನ ಹೊಗಳಿಕೆಗೆ ಬೆಲೆ ಇಲ್ಲ ಎನ್ನುತ್ತಿದ್ದರಂತೆ ಯಜಮಾನರು. ಅವರದು ಸಣ್ಣ ಪ್ರಿಂಟಿಂಗ್ ಪ್ರೆಸ್. ಹಾಳೆ ಮಡಚಿ, ದಾರದಲ್ಲಿ ಹೊಲಿದು, ಕೊನೇ ಪುಟದ ತನಕ ನಂಬರು ಬರೆದು, ಪುಸ್ತಕವನ್ನು ಕೈಯಾರೆ ಕಟ್ಟಿದ್ದರು.

ಅವರು ತೀರಿಕೊಂಡು ಹದಿನಾಲ್ಕು ತಿಂಗಳು. ಆಮೇಲೆ ಕೂಟ ನಿಂತುಹೋಯಿತು. ಪುಸ್ತಕವನ್ನು ಮನೆಯಲ್ಲಿಟ್ಟು ನೋಡುವ ಧೈರ್ಯವಿಲ್ಲದೆ ಆಕೆ ಅದನ್ನು ಗೆಳತಿಗೆ ಕೊಟ್ಟಿದ್ದರು. ಈಗ ಧೈರ್ಯ ಬಂದಿತ್ತು. ಪೇಪರಿನಲ್ಲಿ ಈ ರೆಸ್ಟೋರೆಂಟಿನ ಬಗ್ಗೆ ಓದಿ, ತಾವೇ ಟೇಬಲ್ ಹಿಡಿದು, ಎಲ್ಲರನ್ನೂ ಕರೆದಿದ್ದರು. ಪುಸ್ತಕ ತಾ ಎಂದು ಗೆಳತಿಗೆ ಹೇಳಿದ್ದರು.

"ಫೋಟೋ ಇದಾವೆ ಸಾರ್. ಆದ್ರೆ ಫೋಟೋ ಮಾತಾಡಲ್ಲ. ಆ ಪುಸ್ತಕದಲ್ಲಿ ಅವರು ಮಾತಾಡ್ತಾರೆ. 'ಸೂಪಿಗೆ ಉಪ್ಪು ಕಡಿಮೆ, ಸ್ಪೀಕರಿಗೆ ಸದ್ದು ಜಾಸ್ತಿ' ಅಂತ ಒಂದ್ಸಲ ಬರೆದಿದ್ರು." ಆಕೆ ನಗಲು ನೋಡಿದರು. ಆಗಲಿಲ್ಲ. "ಅಂಥವು ನೂರಕ್ಕೂ ಮೇಲೆ ಸಾಲು. ಅಷ್ಟೇ ನನಗೆ ಉಳಿದಿರೋದು. ದೂರು ಗೀರು ಏನೂ ಬೇಡ. ಪುಸ್ತಕ ಸಿಕ್ಕರೆ ಸಾಕು."

ನಾನು ಕರವಸ್ತ್ರಕ್ಕೆ ಜೇಬು ತಡಕಿದೆ. ಪೊಲೀಸಿನವನಿಗೆ ಇದು ಶೋಭೆಯಲ್ಲ, ಕೆಮ್ಮಿದೆ.

*

ಮೊದಲು ವೇಟರು. ಅವನೇ ಮುಂದೆ ನಿಂತು ತನ್ನ ಚೀಲ ಸುರಿದ. ಒಂದು ಶರ್ಟು, ಬಾಚಣಿಗೆ, ಕಾಲುನೋವಿನ ಮುಲಾಮು. ಅಡುಗೆಮನೆ, ಕಪಾಟು, ಕಸದ ಡಬ್ಬಿ ಎಲ್ಲ ನೋಡಿದೆವು. ಇಲ್ಲ.

ಆಮೇಲೆ ಕಿಟಕಿ ಪಕ್ಕ ಕೂತಿದ್ದ ಒಬ್ಬ ಗಡ್ಡದವನ ನೆನಪಾಯಿತು. ದೊಡ್ಡ ಚೀಲ ಹೊತ್ತು ಈ ಟೇಬಲ್ಲಿನ ಪಕ್ಕದಲ್ಲೇ ಹಾದು ಬೇಗ ಎದ್ದು ಹೋಗಿದ್ದ. ಮ್ಯಾನೇಜರು ಫೋನ್ ಮಾಡಿ ವಾಪಸ್ ಕರೆಸಿದ. ಚೀಲದಲ್ಲಿ ಎರಡು ಲೈಟು, ಪ್ಲಾಸ್ಟಿಕ್ಕಿನ ಒಂದು ಹೂಗೊಂಚಲು. ತಿನ್ನುವ ಪದಾರ್ಥಗಳ ಫೋಟೋ ತೆಗೆಯುವುದು ಅವನ ಕಸುಬು. ತಟ್ಟೆ ಮುಟ್ಟಿಯೇ ಇರಲಿಲ್ಲ. ಪಾಪ, ಅವನೂ ಒಬ್ಬನೇ ಬಂದಿದ್ದ. ಆದರೆ ಅವನಿಗೆ ಕಿಟಕಿ ಪಕ್ಕ ಕೊಟ್ಟಿದ್ದರು.

ಅಲ್ಲಿಗೆ ನನ್ನ ಬುದ್ಧಿಯೂ ತಳ ಕಂಡಿತು. ಟೇಬಲ್ಲಿಗೆ ಬಂದು ಆ ಮೆನುವನ್ನು ಕೈಗೆತ್ತಿಕೊಂಡೆ. ಬೂದು ರಟ್ಟು, ಒಳಗೆ ಇಪ್ಪತ್ತು ಪುಟ. ತೂಕ ಚೆನ್ನಾಗಿಯೇ ಇತ್ತು. ನಂತರ ನನ್ನ ಟೇಬಲ್ಲಿನ ಮೇಲಿದ್ದ ಮೆನು ನೋಡಿದೆ.

ಅದು ಒಂದೇ ಒಂದು ಹಾಳೆ.

"ಇದೇನ್ರೀ, ನಿಮ್ಮಲ್ಲಿ ಎರಡು ಥರದ ಮೆನು ಇದೆಯಾ?" ಎಂದು ಮ್ಯಾನೇಜರನ್ನು ಕೇಳಿದೆ.

ಇಲ್ಲ. ರೆಸ್ಟೋರೆಂಟು ಶುರುವಾದ ಮೊದಲ ಮೂರು ತಿಂಗಳು ಆ ದಪ್ಪ ಮೆನು ಇತ್ತಂತೆ. ಬಂದವರು ಭಾರ ಎಂದು ಗೊಣಗಿದ್ದಕ್ಕೆ ಹತ್ತು ದಿನದ ಹಿಂದೆ ತೆಗೆದು, ಅಷ್ಟನ್ನೂ ರದ್ದಿಗೆ ಹಾಕಿದ್ದರು.

"ಒಂದೂ ಉಳಿದಿಲ್ವಾ?"

"ನಮ್ಮಲ್ಲಿ ಇಲ್ಲ ಸಾರ್. ಕೆಲವರು ಊಟಕ್ಕೆ ಬಂದಾಗ ನೆನಪಿಗೆ ಅಂತ ಕೇಳಿ ತಗೊಂಡು ಹೋಗಿದ್ರು."

ವೇಟರು ಎಂದಿನಿಂದ ಕೆಲಸಕ್ಕಿದ್ದಾನೆ ಎಂದು ಕೇಳಿದೆ. ಮೊನ್ನೆ ಸೋಮವಾರದಿಂದ. ದಪ್ಪ ಮೆನುವನ್ನು ಅವನು ಕಂಡೇ ಇರಲಿಲ್ಲ. ಅವನ ಮೀಸೆ ಸ್ವಲ್ಪ ಮೇಲೆದ್ದಿತು.

ಕೈ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಅಲ್ಲಿನ ಬಾತ್‌ರೂಮಿಗೆ ಬಾಗಿಲೇ ಇಲ್ಲ. ಗೋಡೆಗೊಂದು ಪುಸ್ತಕದ ಬೀರು ಇದೆ, ಅದನ್ನೇ ತಳ್ಳಬೇಕು. ಹೊಸ ಕಾಲದ ಶೋಕಿ. ಊಟಕ್ಕೆ ಮುಂಚೆ ನಾನು ಎರಡು ಕಡೆ ಗೋಡೆ ತಳ್ಳಿ ನಗೆಪಾಟಲಾಗಿದ್ದೆ. ಲೈಬ್ರರಿ ಮೇಡಂ ವೇಟರನ್ನು ಕೇಳಿ ಹೋಗಿದ್ದರು.

ಉಳಿದ ಮೂವರು? ಬೀರಿನ ಮುಂದೆ ನಿಂತು ನೆನಪು ಮಾಡಿಕೊಂಡೆ. ಒಬ್ಬೊಬ್ಬರಾಗಿ ಎದ್ದು ಬಂದಿದ್ದರು. ಯಾರನ್ನೂ ಕೇಳಿರಲಿಲ್ಲ. ಸೀದಾ ಬಂದು ಬೀರು ತಳ್ಳಿದ್ದರು, ತಮ್ಮ ಮನೆಯದೇ ಎಂಬಂತೆ.

ಆಗ ನನಗೆ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು ಎಂದೂ ಅನಿಸಿತು.

ಮ್ಯಾನೇಜರಿಗೆ ಹಳೆಯ ಬುಕಿಂಗುಗಳನ್ನು ತೋರಿಸಲು ಹೇಳಿದೆ. ಐದು ವಾರದ ಹಿಂದಿನ ಭಾನುವಾರ. ಆರ್ಕಿಟೆಕ್ಟರ ಹೆಸರು, ಫೋನ್ ನಂಬರು. ಮೂರು ಜನ.

*

ಡಾಕ್ಟರನ್ನು ಬದಿಗೆ ಕರೆದು ಮಾತಾಡಬೇಕೆಂದಿದ್ದೆ. ಲೈಬ್ರರಿ ಮೇಡಂ ತಡೆದರು. "ಇಲ್ಲೇ ಹೇಳಿ ಸಾರ್. ಏನಿದ್ರೂ ನಾನೂ ಕೇಳ್ಬೇಕು."

ಹೇಳಿದೆ. ಪುಸ್ತಕ ಇಲ್ಲಿ ಕಳುವಾಗಿಲ್ಲ. ಇಲ್ಲಿಗೆ ಬಂದೇ ಇಲ್ಲ. ನಾವೆಲ್ಲ ನೋಡಿದ್ದು ಗಂಟನ್ನು. ಒಳಗಿನದನ್ನು ಯಾರೂ ನೋಡಲಿಲ್ಲ, ಏಕೆಂದರೆ ಸಿಹಿಗೆ ಮುಂಚೆ ಬಿಚ್ಚುವಂತಿಲ್ಲ. ಇಲ್ಲೇ ಯಾರೋ ಬದಲಾಯಿಸಿದ ಹಾಗೆ ಕಾಣಲಿ ಎಂದು, ಮನೆಯಿಂದಲೇ ಇಲ್ಲಿಯ ಮೆನು ಕಟ್ಟಿ ತಂದಿದ್ದಾರೆ. ಆದರೆ ಮೆನು ಬದಲಾಗಿದ್ದು ತಂದವರಿಗೆ ಗೊತ್ತಿರಲಿಲ್ಲ. ಗೊತ್ತಾದಾಗ ಗಂಟು ಮೇಜಿನ ಮೇಲಿತ್ತು, ನಾಲ್ವರ ಕಣ್ಣೆದುರು. ಬಾಯಿಂದ ಬಂದ ಮಾತು ಒಂದೇ: ಇಷ್ಟೇನಾ ಮೆನು?

ಡಾಕ್ಟರ ಮುಖ ಬಿಳಿಚಿಕೊಂಡಿತು.

"ಅಂದ್ರೆ ಅವಳು ಮೊದಲೇ ಇಲ್ಲಿಗೆ ಬಂದಿದ್ಲು," ಎಂದರು ಲೈಬ್ರರಿ ಮೇಡಂ.

ಆಕೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆರ್ಕಿಟೆಕ್ಟು ತಲೆ ತಗ್ಗಿಸಿದರು. ಇಷ್ಟು ಹೊತ್ತು ಅವರು ವೇಟರನ ಮೇಲೆ ಕೂಗಾಡಿದ್ದು ನಾಟಕವಲ್ಲ. ಪುಸ್ತಕದ ವಿಷಯ ಅವರಿಗೆ ಗೊತ್ತಿರಲಿಲ್ಲ. ಊಟಗಳ ವಿಷಯ ಗೊತ್ತಿತ್ತು. ಟೀಚರು ಅಳುತ್ತಿದ್ದರು.

"ಎಷ್ಟು ಸಲ?" ಲೈಬ್ರರಿ ಮೇಡಂ ಗೆಳತಿಯನ್ನು ಕೇಳಿದರು.

"ಎಂಟು."

"ನಿಂತುಹೋಯ್ತು ಅಂದಿದ್ಯಲ್ಲೇ."

ಡಾಕ್ಟರು ಮೇಜಿನ ಮೇಲಿನ ಬಟ್ಟೆಯನ್ನು ಮಡಚತೊಡಗಿದರು. "ನೀನು ಬಂದ್ರೆ ಅವರ ಕುರ್ಚಿ ಖಾಲಿ ಕಾಣುತ್ತೆ ಕಣೇ. ನಗೋದಾ ಬೇಡವಾ ಅಂತ ನಮಗೆ ಗೊತ್ತಾಗ್ತಿರಲಿಲ್ಲ. ಒಂದೇ ಒಂದು ಸಲ ಅಂತ ನಾವು ಮೂರೇ ಜನ ಹೋದ್ವಿ. ಆಮೇಲೆ ಹೇಳೋಕೆ ಮುಖ ಇರಲಿಲ್ಲ. ಅಭ್ಯಾಸಬಲ, ಪುಸ್ತಕದಲ್ಲಿ ಬರೆದೂ ಬಿಟ್ವಿ. ನೀನು ಪುಸ್ತಕ ಕೇಳಿದ ದಿನ ನನ್ನ ಎದೆ ಒಡೆದುಹೋಯ್ತು."

*

ಡಾಕ್ಟರ ಕ್ಲಿನಿಕ್ಕು ಎರಡು ಬೀದಿ ಆಚೆ. ಭಾನುವಾರ ರಜಾ. ಆರ್ಕಿಟೆಕ್ಟು ಮತ್ತು ಟೀಚರು ಬರಲಿಲ್ಲ. ವೇಟರನ ಕ್ಷಮೆ ಕೇಳಲು ಹಿಂದೆ ಉಳಿದರು ಎಂದು ನಂಬಿಕೊಂಡೆ.

ಒಳಗೆ ಔಷಧದ ವಾಸನೆ. ರೋಗಿಗಳ ದವಡೆಗಳ ಬಿಳಿ ಅಚ್ಚುಗಳು ಬೀರುವಿನ ತುಂಬ ಸಾಲಾಗಿ ಕೂತಿದ್ದವು. ಬಾಯಿ ಬಿಟ್ಟಿದ್ದರೂ ಒಂದೂ ಮಾತಾಡುವುದಿಲ್ಲ. ಅವುಗಳ ಹಿಂದಿನಿಂದ ಡಾಕ್ಟರು ಪುಸ್ತಕ ತೆಗೆದರು.

"ಆ ಎಂಟು ಪುಟ ಹರಿದುಹಾಕಿ ತರೋಣ ಅಂತಾನೇ ಕೂತೆ," ಎಂದರು, ನನ್ನ ಕಡೆ ತಿರುಗಿ. ಗೆಳತಿಯ ಮುಖ ನೋಡಿ ಹೇಳಲು ಆಗಲಿಲ್ಲ. "ನಂಬರು ತಪ್ಪಿದ್ರೆ ಅವಳಿಗೆ ಗೊತ್ತಾಗುತ್ತೆ. ಸಾಲದ್ದಕ್ಕೆ ಹೊಲಿದ ಪುಸ್ತಕ. ಈ ಕಡೆ ಹಾಳೆ ಎಳೆದ್ರೆ ಅದರ ಜೋಡಿ ಹಾಳೆನೂ ಕಿತ್ತು ಬರುತ್ತೆ. ಆ ಹಾಳೆಯಲ್ಲಿ ಅವರ ಅಕ್ಷರ ಇತ್ತು. ಕೈ ಬರಲಿಲ್ಲ."

ಲೈಬ್ರರಿ ಮೇಡಂ ರೋಗಿಗಳು ಕಾಯುವ ಬೆಂಚಿನ ಮೇಲೆ ಕೂತು ಪುಸ್ತಕ ತೆರೆದರು. ಮೊದಲು ಗಂಡನ ಸಾಲುಗಳು. ಬೆರಳಿಟ್ಟು ಓದಿದರು. ತುಟಿ ಅಲ್ಲಾಡುತ್ತಿತ್ತು. ನಂತರ ಆ ಎಂಟು ಪುಟಗಳಿಗೆ ಬಂದರು. ಒಂದೊಂದನ್ನೂ ಬಿಡದೆ ಓದಿದರು. ಒಂದು ಪುಟದಲ್ಲಿ ನಿಂತರು. ಡಾಕ್ಟರ ಅಕ್ಷರ. "ತುಂಬ ದಿನದ ಮೇಲೆ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆವು."

"ಆವತ್ತು ನಾನು ಫೋನ್ ಮಾಡಿದ್ದೆ," ಎಂದರು. "ಪೇಷಂಟ್ ಇದಾರೆ ಅಂದಿದ್ದೆ ನೀನು."

ಡಾಕ್ಟರು ಗೋಡೆಗೆ ಒರಗಿದರು.

ನಾನು ಹೊರಡಲು ತಿರುಗಿದೆ. ಕಳುವಾದದ್ದು ಸಿಕ್ಕಿತ್ತು, ಕಳ್ಳರೂ ಸಿಕ್ಕಿದ್ದರು, ದೂರು ಇರಲಿಲ್ಲ. ಇಷ್ಟು ಸಲೀಸಾದ ಕೇಸು ನನ್ನ ಸರ್ವಿಸಿನಲ್ಲೇ ಇಲ್ಲ. ಆದರೂ ಇಷ್ಟು ಬೇಸರ ಯಾವ ಹೆಣದ ಮುಂದೆಯೂ ಆಗಿರಲಿಲ್ಲ.

"ಸಾರ್, ಒಂದು ನಿಮಿಷ."

ಲೈಬ್ರರಿ ಮೇಡಂ ಮುಂದಿನ ಖಾಲಿ ಪುಟಕ್ಕೆ ಬಂದಿದ್ದರು. ತಾರೀಕು ಬರೆದು, ರೆಸ್ಟೋರೆಂಟಿನ ಹೆಸರು ಬರೆದು, ತಮ್ಮ ಒಂದು ಸಾಲು ಬರೆದರು. ಏನು ಬರೆದರೆಂದು ನಾನು ಬಗ್ಗಿ ನೋಡಲಿಲ್ಲ. ಆಮೇಲೆ ಪೆನ್ನನ್ನು ಎತ್ತಿ ಹಿಡಿದರು. ಗೆಳತಿ ಗೋಡೆಯಿಂದ ಅರ್ಧ ಹೆಜ್ಜೆ ಮುಂದೆ ಬಂದಿದ್ದರು. ಪೆನ್ನು ಅತ್ತ ಹೋಗಲಿಲ್ಲ.

"ನೀವೂ ಅಲ್ಲೇ ಊಟ ಮಾಡಿದ್ರಲ್ಲ," ಎಂದರು ನನಗೆ. "ಊಟ ಮಾಡಿದವರು ಬರೀಬೇಕು. ಹೇಗಿತ್ತು ಊಟ?"

ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡೆ. ಪುಟದ ಮೂಲೆಯಲ್ಲಿ ಆ ಮನುಷ್ಯ ಬರೆದ ನಂಬರು ಅಚ್ಚುಕಟ್ಟಾಗಿ ಕೂತಿತ್ತು. ವರದಿ ಬರೆದು ಬರೆದು ಸವೆದ ಕೈ, ಒಂದು ಸಾಲಿಗೆ ತಿಣುಕಾಡಿತು. ವೇಟರುಗಳನ್ನು ಬಿಟ್ಟು ಬೇರೆ ಯಾರಾದರೂ ನನ್ನನ್ನು ಊಟ ಹೇಗಿತ್ತು ಎಂದು ಕೇಳಿ ಎಷ್ಟು ವರ್ಷವಾಗಿತ್ತೋ, ನೆನಪಿಗೆ ಬರಲಿಲ್ಲ.