ತಂಗಿ ಅಂದುಬಿಟ್ಟ!

"ಲೂಸಿಯಾನೆ, ನಿನ್ನ ಸೊಂಟ ನೋಡ್ತಾ ಕೂತ್ರೆ ಕಾವಾ ಕುಡಿಯೋದೇ ಮರ್ತುಹೋಗುತ್ತೆ ಕಣೇ!"

ಪೌಲಾಸಿಯ ಮಾತಿಗೆ ಕೂತವರೆಲ್ಲ ಹೋ ಎಂದು ನಕ್ಕರು. ವವಾವು ದ್ವೀಪದ ಆ ಊರಿನಲ್ಲಿ ಭಾನುವಾರದ ಪ್ರಾರ್ಥನೆ ಮುಗಿದರೆ ಗಂಡಸರು ಚಾಪೆಯ ಮೇಲೆ ದುಂಡಗೆ ಕೂರುತ್ತಾರೆ. ಮದುವೆಯಾಗದ ಹುಡುಗಿ ಕಾವಾ ಬೇರಿನ ಪುಡಿಯನ್ನು ನೀರಲ್ಲಿ ಕಲಸಿ, ಆ ಅಮಲು ಪಾನೀಯ ಕೊಡಬೇಕು. ಅವರು ತಮಾಷೆ ಮಾಡಿದರೆ ನಗಬೇಕು. ಮುಖ ಸಿಂಡರಿಸಿದರೆ ಹುಡುಗಿಗೆ ಮರ್ಯಾದೆ ಗೊತ್ತಿಲ್ಲ ಎನ್ನುತ್ತಾರೆ.

ಲೂಸಿಯಾನೆ ನಕ್ಕಳು. 'ಅಯ್ಯೋ ದೇವರೇ, ಯಾರಾದ್ರೂ ಇವನ ಬಾಯಿ ಮುಚ್ಚಿಸಬಾರ್ದಾ...'

"ಹಿರಿಯರು ಕ್ಷಮಿಸ್ಬೇಕು," ಮೂಲೆಯಿಂದ ಮೆಲುದನಿ ಬಂತು. ದೋಣಿ ರಿಪೇರಿಗೆಂದು ಹಾಪೈ ದ್ವೀಪದಿಂದ ಹೊಸದಾಗಿ ಬಂದಿದ್ದ ಮನಾಸೆ. "ಆಕೆ ನನಗೆ ತಂಗಿ ಆಗ್ಬೇಕು."

ಅಣ್ಣನ ಎದುರು ತಂಗಿಯ ಬಗ್ಗೆ ಅಂಥ ಮಾತೇ? ಪೌಲಾಸಿ ಇಂಗು ತಿಂದ ಮಂಗನಂತಾದ. "ತಪ್ಪಾಯ್ತು ಕಣಪ್ಪಾ, ಗೊತ್ತಿರ್ಲಿಲ್ಲ" ಎಂದು ಮನಾಸೆಗೆ ತಲೆಬಾಗಿಸಿದ. ಅಣ್ಣನಿದ್ದಲ್ಲಿ ತಂಗಿ ಕೂರುವಂತಿಲ್ಲ. ಲೂಸಿಯಾನೆ ಎದ್ದು ಹೊರಬಂದಳು.

ಮರುದಿನ ದಕ್ಕೆಯಲ್ಲಿ ಅವನನ್ನು ಹಿಡಿದಳು. "ನೀವು ಯಾವ ಕಡೆಯಿಂದ ನಂಗೆ ಅಣ್ಣ?"

"ಯಾವ ಕಡೆಯಿಂದ್ಲೂ ಅಲ್ಲ! ಜಗಳ ಆಡ್ದೆ ಅವನ ಬಾಯಿ ಮುಚ್ಚಿಸೋಕೆ ಅದೊಂದೇ ಹೊಳೀತು."

ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ ಮನಸ್ಸು ಕೈತಪ್ಪಿ ಹೋಯಿತು ನೋಡಿ!

ಆದರೆ ಊರು ನಂಬಿಬಿಟ್ಟಿತ್ತು. ಅವಳ ತೀರಿಹೋದ ತಾಯಿಗೆ ಹಾಪೈಯಲ್ಲಿ ಲೆಕ್ಕವಿಲ್ಲದಷ್ಟು ನೆಂಟರು. ಸಾಕಿದ ಕಲೋಲೈನೆ ಅತ್ತೆಯೂ ನಂಬಿದಳು. ಅವಳಿದ್ದ ಅಂಗಡಿಗೆ ಮನಾಸೆ ಬಂದರೆ, "ನಿಮ್ಮಣ್ಣ ಬಂದ, ಹಿಂದಿನ ಬಾಗಿಲಿಂದ ಹೋಗಮ್ಮಾ" ಎನ್ನುವರು. ಅವಳು ಬಸ್ ಹತ್ತಿದರೆ ಅವನನ್ನು ಇಳಿಸುವರು. ಎಷ್ಟು ಒಳ್ಳೆಯ ಜನ! ಅವರ ಒಳ್ಳೆಯತನಕ್ಕೆ ಅವಳ ಉಸಿರು ಕಟ್ಟುತ್ತಿತ್ತು.

ಎರಡು ತಿಂಗಳ ಮೇಲೆ ಸಂತೆಯಲ್ಲಿ ಅವನೊಡನೆ ಮಾತಾಡಲು ಅವಳಿಗೆ ಒಂದು ಕ್ಷಣ ಸಿಕ್ಕಿತು. "ಪೌಲಾಸಿ ಹೆಣ್ಣು ಕೇಳೋಕೆ ಬರ್ತಿದಾನೆ. ಅತ್ತೆ ಹೂಂ ಅಂದ್ರೆ ಮುಗೀತು. ನಿಜ ಹೇಳ್ಬಿಡಿ..."

"ಹೇಳಿದ್ರೆ ನಿನ್ನ ಹೆಸರು ಕೆಡುತ್ತೆ. ಪರವೂರಿನವನು ಇವಳಿಗೋಸ್ಕರ ಯಾಕೆ ಸುಳ್ಳು ಹೇಳ್ದ ಅಂತಾರೆ..." ಎಂದವನು ತಟ್ಟನೆ ದನಿ ಬದಲಿಸಿದ. "ಹುಷಾರಾಗಿ ಮನೆಗೆ ಹೋಗು, ತಂಗಿ."

ತಂಗಿ! ಬೆನ್ನ ಹಿಂದೆ ಪಾದ್ರಿಯ ಹೆಂಡತಿ ಬಂದು ನಿಂತದ್ದನ್ನು ಪಾಪದ ಹುಡುಗಿ ನೋಡಲೇ ಇಲ್ಲ. 'ಇವನಿಗೆ ನಾನು ಬೇಡ' ಎಂದುಕೊಂಡು ಮನೆಯವರೆಗೂ ಅತ್ತಳು.

ಶನಿವಾರ ಪೌಲಾಸಿಯ ಕಡೆಯವರು ಹಂದಿ, ಗೆಣಸು, ಕಾವಾ ಬೇರು ತಂದಿಟ್ಟರು. "ನಮ್ಮದೇನೂ ಇಲ್ಲ, ಬರಿಗೈಲಿ ಬಂದಿದ್ದೇವೆ" ಎಂದರು ಮರ್ಯಾದೆಗೆ. ಅತ್ತೆ ಮನಾಸೆಗೆ ಹೇಳಿಕಳಿಸಿದ್ದಳು. "ಗಂಡು ದಿಕ್ಕು ಅಂತ ನೀನೊಬ್ಬ. ಅಣ್ಣನಾಗಿ ಬೇರು ಮುಟ್ಟಪ್ಪಾ, ಮುಟ್ಟಿದ್ರೆ ನಾವು ಒಪ್ಪಿದ ಹಾಗೆ."

ಒಳಕೋಣೆಯಿಂದ ಲೂಸಿಯಾನೆ ಇಣುಕಿದಳು. ಅವನ ಕೈ ಬೇರಿನತ್ತ ಒಂದು ಗೇಣು ಹೋಗಿ ನಿಂತಿತು, ಕಣ್ಣು ತುಂಬಿತು. ಅಯ್ಯೋ... ಇವನಿಗೂ!

ಅವಳು ಹೊರಬಂದು, ಅವನದೇ ಚಾಪೆಯ ಮೇಲೆ, ಅವನ ಮಗ್ಗುಲಲ್ಲೇ ಕೂತುಬಿಟ್ಟಳು.

"ಥೂ, ಏಳೇ! ಅಣ್ಣನ ಪಕ್ಕ ಕೂರ್ತಾರಾ?" ಅತ್ತೆ ಕೂಗಿದಳು.

"ದೊಡ್ಡವರು ಕ್ಷಮಿಸ್ಬೇಕು. ನಿಮ್ಮ ಮುಂದೆ ಮಾತಾಡೋ ಯೋಗ್ಯತೆ ನಂಗಿಲ್ಲ," ಲೂಸಿಯಾನೆ ತಲೆತಗ್ಗಿಸಿ, ಒಂದೊಂದೇ ಮಾತು ನಿಧಾನಕ್ಕೆ ಹೇಳಿದಳು. "ನೀವು ತಂದಿದ್ದೆಲ್ಲ ನನಗಿಂತ ದೊಡ್ಡದು. ಆದ್ರೆ ಇವರು ನನ್ನಣ್ಣ ಅಲ್ಲ. ಇವರು ಕೂತಲ್ಲಿಂದ ನಾನು ಇನ್ನು ಏಳೋದಿಲ್ಲ."

"ಸುಳ್ಳು ಹೇಳಿದ್ದು ನಾನು," ಮನಾಸೆ ಹಣೆಯನ್ನು ಚಾಪೆಗೆ ತಾಗಿಸಿದ. "ಅವಳ ತಪ್ಪೇನಿಲ್ಲ. ಅವಳಂದ್ರೆ ನಂಗೆ ಜೀವ."

ಪೌಲಾಸಿ ಕೆಂಪಾದ. "ಹಂಗಾದ್ರೆ ಅವತ್ತು ನಾನು ತಪ್ಪಾಯ್ತು ಅಂದಿದ್ದು?"

"ಅಣ್ಣ ಅಂತ ನೀನು ಅವನ ಹತ್ರ ತಪ್ಪಾಯ್ತು ಅಂದೆ," ಅತ್ತೆ ಮೆಲ್ಲಗೆ ಎಂದಳು. "ಆಡಿಕೊಂಡಿದ್ದು ಇವಳನ್ನ. ಇವಳ ಹತ್ರ ಅಂದ್ಯಾ?"

ಪೌಲಾಸಿ ಅವಳತ್ತ ತಿರುಗಿದ. "ತಪ್ಪಾಯ್ತಮ್ಮಾ," ಎಂದವನೇ ಬೇರನ್ನು ಎತ್ತಿಕೊಂಡು ಎದ್ದ.

ಎಲ್ಲರೂ ಹೋದ ಮೇಲೂ ಇಬ್ಬರೂ ಅಲ್ಲೇ ಕೂತಿದ್ದರು.

"ಇನ್ನು ಏನಂತ ಕರೀಲಿ ನಿನ್ನ?" ಅವನು ಪಿಸುಗುಟ್ಟಿದ.

"ಹೆಸರು ಹಿಡಿದು ಕರೀರಿ. ಎಲ್ಲರಿಗೂ ಕೇಳೋ ಹಾಗೆ."

"ಲೂಸಿಯಾನೆ!"

"ನಾವೇನು ಕಿವುಡರಲ್ಲ!" ಒಳಗಿಂದ ಅತ್ತೆ ಗದರಿದಳು.